ಮಕ್ಕಳ ಚಿತ್ರಕ್ಕೆ ಕಟ್ಟು ಹಾಕಿಸೋದು

(ಬಾಗಲಕೋಟೆಯ ನವನಗರದಲ್ಲಿ ಪಾಲಕರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಅವತ್ತು ಬಿಟ್ಟುಹೋದ ಒಂದೆರಡು ವಿಷಯ ಸೇರಿಸಿದ್ದೇನೆ. ಮೈಕ್ ಕೈಕೊಟ್ಟಾಗ ಕೂಗಿದ್ದನ್ನು ತೆಗೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಮಾಸ್ತರನೂ ಅಲ್ಲ, ಕಲಾವಿದನೂ ಅಲ್ಲ. ಫೋಟೋಗಳಿಗೆ ಕಟ್ಟು ಹಾಕುವವನು. 22 ವರ್ಷದಿಂದ ಇದೇ ಕೆಲಸ. ನಮ್ಮಂಥವರ ಅಂಗಡಿಗೆ ಬರುವುದು ನಾಲ್ಕೇ ನಾಲ್ಕು ಬಗೆ. ದೇವರ ಫೋಟೋ, ಮದುವೆ ಫೋಟೋ, ಸನ್ಮಾನ ಪತ್ರ, ತೀರಿಹೋದ ಹಿರಿಯರ ಫೋಟೋ. ಕೊನೆಯದಕ್ಕೆ ಬಂದವರು ಯಾವಾಗಲೂ ಅವಸರದಲ್ಲಿ ಇರುತ್ತಾರೆ, ದಿವಸ ಮಾಡುವುದರೊಳಗೆ ಬೇಕು. ಮಕ್ಕಳ ಚಿತ್ರ ಮೊದಲೆಲ್ಲ ವರ್ಷಕ್ಕೆ ಒಂದೋ ಎರಡೋ ಬರುತ್ತಿದ್ದವು. ಈಗ ತಿಂಗಳಿಗೆ ನಾಲ್ಕೈದು ಬರುತ್ತವೆ. ಅದಕ್ಕೇ ನನ್ನನ್ನು ಇಲ್ಲಿಗೆ ಕರೆದಿದ್ದೀರಿ ಅನ್ಕೋತೀನಿ.

ಮೊದಲು ನನ್ನ ಒಂದು ತಪ್ಪು ಹೇಳಿಬಿಡುತ್ತೇನೆ. ಆಮೇಲೆ ನಾನು ಹೇಳೋದನ್ನು ನಂಬಬೇಕೋ ಬಿಡಬೇಕೋ ನೀವೇ ನೋಡಿ.

ಆರೇಳು ವರ್ಷದ ಹಿಂದೆ ಒಬ್ಬರು ಮಗಳ ಚಿತ್ರ ತಂದರು. ಹುಡುಗಿಗೆ ಏಳು ವರ್ಷ. ಎ3 ಹಾಳೆ, ಉದ್ದಕ್ಕೆ ಹಿಡಿದು ಸ್ಕೆಚ್ ಪೆನ್ನಿನಲ್ಲಿ ಬರೆದದ್ದು. ಒಂದು ಮನೆ. ಗೋಡೆ ಇದೆ, ಆದರೆ ಒಳಗಿನದೆಲ್ಲ ಕಾಣುತ್ತದೆ. ಒಲೆ, ಒಲೆ ಮುಂದೆ ಅಜ್ಜಿ, ಗೂಟಕ್ಕೆ ಹಾಕಿದ ಚೀಲ, ಮೂಲೆಯಲ್ಲಿ ಬೆಕ್ಕು. ಮನೆ ಸುತ್ತ ಮೀನುಗಳು. ಹದಿನಾಲ್ಕು ಇದ್ದವು, ಆಮೇಲೆ ಎಣಿಸಿದ್ದೇನೆ. ಹಾಳೆಯ ಮೇಲ್ತುದಿಯಲ್ಲಿ, ಅಂಚಿಗೆ ಅಂಟಿಕೊಂಡ ಹಾಗೆ, ಈ ಕಡೆಯಿಂದ ಆ ಕಡೆವರೆಗೆ ಒಂದು ನೀಲಿ ಗೆರೆ.

ಅವರಿಗೆ ಅಗ್ಗದ್ದು ಬೇಕಿತ್ತು. ನನ್ನ ಹತ್ತಿರ 12 × 16 ಇಂಚಿನ ರೆಡಿ ಫ್ರೇಮ್ ಇತ್ತು. ಎ3 ಹಾಳೆ ಅಂದರೆ 29.7 × 42 ಸೆಂಟಿಮೀಟರ್. ಅಗಲ ಕೂತಿತು. ಉದ್ದದಲ್ಲಿ ಅರ್ಧ ಇಂಚು ಜಾಸ್ತಿ ಆಯಿತು. ಆ ನೀಲಿ ಗೆರೆ ನೋಡಿದೆ. ಪೆನ್ನು ನಡೆಯುತ್ತದೋ ಇಲ್ಲವೋ ಅಂತ ಎಳೆದು ನೋಡಿದ್ದಿರಬೇಕು ಅಂದುಕೊಂಡೆ. ಸ್ಕೇಲ್ ಇಟ್ಟು ಕಟರ್ ಎಳೆದೆ.

ಸಂಜೆ ಅಪ್ಪನ ಜೊತೆ ಹುಡುಗಿಯೂ ಬಂದಳು. ಗಾಜಿನ ಹತ್ತಿರ ಮುಖ ಇಟ್ಟು ನೋಡಿದಳು. “ಮೀನ ಹಾರಾಕತ್ತಾವ,” ಅಂದಳು.

ಅಪ್ಪನಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ.

“ನೀರ ಎಲ್ಲಿ ಹೋತು?”

ಅವರ ಹಳೇ ಮನೆ ಘಟಪ್ರಭೆಯ ದಂಡೆಗಿತ್ತು. ಆಲಮಟ್ಟಿ ಹಿನ್ನೀರು ಬಂದಾಗ ಹೋಯಿತು. ಇಲ್ಲಿ ಕೂತವರಿಗೆ ಈ ಕಥೆ ನಾನು ಬಿಡಿಸಿ ಹೇಳಬೇಕಾಗಿಲ್ಲ, ನಿಮ್ಮಲ್ಲಿ ಅರ್ಧ ಜನ ಹಾಗೇ ಈ ಸೆಕ್ಟರುಗಳಿಗೆ ಬಂದವರು. ಹುಡುಗಿ ಆ ಮನೆ ನೋಡಿಲ್ಲ. ಅವಳು ಹುಟ್ಟುವ ಎಷ್ಟೋ ಮುಂಚೆಯೇ ಅದು ನೀರಿನೊಳಗೆ. ಅಜ್ಜಿ ಹೇಳಿದ್ದನ್ನು ಕೇಳಿ ಕೇಳಿ ಬರೆದಿದ್ದಳು. ಆ ನೀಲಿ ಗೆರೆಯೇ ನೀರಿನ ಮಟ್ಟ. ಅದರ ಕೆಳಗಿನದೆಲ್ಲ ಮುಳುಗಿದ ಮನೆ. ನಾನು ಅದನ್ನೇ ಕತ್ತರಿಸಿ ಬುಟ್ಟಿಗೆ ಹಾಕಿದ್ದೆ.

ಬುಟ್ಟಿ ಸುರುವಿ ಹುಡುಕಿದೆ. ಪಟ್ಟಿ ಸಿಕ್ಕಿತು, ಪುಣ್ಯ. ಹಿಂದೆ ತೆಳು ಕಾಗದ ಕೊಟ್ಟು, ಗಂಜಿ ಅಂಟಿನಿಂದ ಜೋಡಿಸಿದೆ. ಹಾಳೆಯ ಅಳತೆಗೆ ಬೇರೆ ಕಟ್ಟು ಮಾಡಿದೆ, ದುಡ್ಡು ತಗೊಳ್ಳಲಿಲ್ಲ. ಜೋಡಿಸಿದ ಗೀರು ಈಗಲೂ ಕಾಣುತ್ತದೆ. ಹುಡುಗಿ ಮತ್ತೆ ಮುಖ ಇಟ್ಟು ನೋಡಿದಳು. “ಹಾಂ, ಈಗ ಮುಣಗೇತಿ,” ಅಂದಳು.

ಅವತ್ತಿನಿಂದ ನಾನು ಮಕ್ಕಳ ಚಿತ್ರ ಕತ್ತರಿಸಿಲ್ಲ. ನೀವೂ ಯಾರಿಗೂ ಕತ್ತರಿಸಲು ಬಿಡಬೇಡಿ. ಅಂಗಡಿಯವನು “ಸ್ವಲ್ಪ ಟ್ರಿಮ್ ಮಾಡ್ತೀನ್ರೀ” ಅಂದರೆ ಹಾಳೆ ಎತ್ತಿಕೊಂಡು ಬಂದುಬಿಡಿ. ಕಟ್ಟು ಹಾಳೆಗೆ ತಕ್ಕ ಹಾಗೆ ಆಗಬೇಕು. ದೊಡ್ಡವರ ಫೋಟೋದಲ್ಲಿ ಮುಖ ನಡುವೆ ಇರುತ್ತದೆ, ಅಂಚಿನಲ್ಲಿ ಇರೋದು ಸುಮ್ನೆ ಪರದೆ, ಕುರ್ಚಿ. ಮಕ್ಕಳು ಹಾಗೆ ಬರೆಯೋದಿಲ್ಲ. ಜಾಗ ಮುಗಿದಾಗ ನೆನಪಾಗಿದ್ದನ್ನು ಅಂಚಿನಲ್ಲಿ ತುರುಕುತ್ತಾರೆ. ಎಷ್ಟೋ ಸಲ ಅಲ್ಲೇ ತಮ್ಮ ಇರುತ್ತಾನೆ, ನಾಯಿ ಇರುತ್ತದೆ.

ಇನ್ನೊಂದು ವಿಷಯ. ಗೋಡೆಯೊಳಗಿನದು ಕಾಣುವ ಹಾಗೆ ಬರೆಯೋದು ಆ ಹುಡುಗಿಯ ಹುಚ್ಚಾಟ ಅಲ್ಲ. ಐದರಿಂದ ಎಂಟು ವರ್ಷದ ಮಕ್ಕಳು ಹೆಚ್ಚಾಗಿ ಹೀಗೇ ಬರೆಯುತ್ತಾರೆ. ಕಾಣೋದನ್ನು ಬರೆಯೋದಿಲ್ಲ, ಗೊತ್ತಿರೋದನ್ನು ಬರೆಯುತ್ತಾರೆ. ಮನೆಯೊಳಗೆ ಅಜ್ಜಿ ಇದ್ದಾಳೆ ಅಂತ ಗೊತ್ತು, ಹಾಗಾಗಿ ಅಜ್ಜಿ ಕಾಣಲೇಬೇಕು. ಅದಕ್ಕಿಂತ ಚಿಕ್ಕವರು, ಮೂರು ನಾಲ್ಕು ವರ್ಷದವರು, ತಲೆಯಿಂದ ನೇರ ಕಾಲು ಇಳಿಸುತ್ತಾರೆ. ಹೊಟ್ಟೆಯೇ ಇರೋದಿಲ್ಲ. ಆರೇಳಕ್ಕೆ ಬಂದರೆ ಕೆಳಗೆ ನೆಲಕ್ಕೊಂದು ಗೆರೆ, ಮೇಲೆ ಆಕಾಶಕ್ಕೊಂದು ನೀಲಿ ಪಟ್ಟಿ, ನಡುವೆ ಖಾಲಿ. ಬಾಗಲಕೋಟೆಯಲ್ಲೂ ಹೀಗೇ, ಬರ್ಲಿನ್‌ನಲ್ಲೂ ಹೀಗೇ.

ಇದನ್ನು ಗಂಭೀರವಾಗಿ ನೋಡಿದ ಮೊದಲಿಗರಲ್ಲಿ ಇಟಲಿಯ ಕೊರ್ರಾದೊ ರಿಚ್ಚಿ ಅನ್ನುವವನು ಒಬ್ಬ. ಬೊಲೊನ್ಯಾ ಊರಲ್ಲಿ ಮಳೆ ಬಂತೆಂದು ಒಂದು ಕಮಾನಿನ ಕೆಳಗೆ ನಿಂತ. ಗೋಡೆ ಮೇಲೆ ಮಕ್ಕಳು ಗೀಚಿದ್ದು ಕಂಡಿತು. ಎಲ್ಲರೂ ಹಾದುಹೋಗುತ್ತಿದ್ದ ಗೋಡೆ. ಅವನು ನಿಂತು ನೋಡಿದ, ಆಮೇಲೆ ಮಕ್ಕಳ ಚಿತ್ರಗಳನ್ನು ಕೂಡಿಹಾಕಿದ, 1887ರಲ್ಲಿ ಅದರ ಬಗ್ಗೆ ಪುಟ್ಟ ಪುಸ್ತಕವನ್ನೇ ಬರೆದ. ಮಳೆ ಬರದಿದ್ದರೆ ಏನು ಮಾಡುತ್ತಿದ್ದನೋ.

ಅದಕ್ಕಿಂತ ಹಳೇದು ಬೇಕಾ? ರಷ್ಯಾದ ನೊವ್‌ಗೊರೊಡ್‌ನಲ್ಲಿ 1956ರಲ್ಲಿ ಅಗೆಯುವಾಗ ಮರದ ತೊಗಟೆಯ ಚೂರುಗಳು ಸಿಕ್ಕವು. 13ನೇ ಶತಮಾನದ್ದು. ಓನ್‌ಫಿಮ್ ಅನ್ನುವ ಆರೇಳು ವರ್ಷದ ಹುಡುಗ ಅಕ್ಷರ ತಿದ್ದುತ್ತಾ, ಬೇಜಾರಾದಾಗ ಚಿತ್ರ ಗೀರಿದ್ದಾನೆ. ಒಂದರಲ್ಲಿ ಕುದುರೆ ಸವಾರ, ಕೆಳಗೆ ಬಿದ್ದ ಶತ್ರುವಿಗೆ ಈಟಿ ಚುಚ್ಚುತ್ತಿದ್ದಾನೆ. ಪಕ್ಕದಲ್ಲಿ ತನ್ನದೇ ಹೆಸರು. ಅವನು ಬರೆದ ಮನುಷ್ಯರ ಕೈ ಕಸ ಎಳೆಯುವ ಕುಂಟೆ ಹಾಗಿದೆ, ಬೆರಳು ಒಂದಕ್ಕೆ ಮೂರು, ಇನ್ನೊಂದಕ್ಕೆ ಜಾಸ್ತಿ. ಯಾರೂ ಅವನ ಕೈ ಹಿಡಿದು ಐದು ಬೆರಳು ಹಾಕಿಸಿಲ್ಲ. ಈಗ ನಮ್ಮ ಕಾಲದ ದೊಡ್ಡ ದೊಡ್ಡ ಪಂಡಿತರು ಕೂತು ಆ ಬೆರಳು ಎಣಿಸುತ್ತಾರೆ.

ನಮ್ಮಲ್ಲಿ ಐದು ಬೆರಳು ಹಾಕಿಸದೆ ಬಿಡೋದಿಲ್ಲ. ಬಹುಮಾನ ಬಂದ ಚಿತ್ರ ಅಂತ ತರುತ್ತಾರಲ್ಲ, ನೋಡಿದ ಕೂಡಲೇ ತಿಳಿಯುತ್ತದೆ. ಎರಡು ಮುಕ್ಕೋನ ಗುಡ್ಡ, ನಡುವೆ ಸೂರ್ಯ, ಹೊಳೆ, ಗುಡಿಸಲು, ತೆಂಗಿನ ಮರ. ಒಬ್ಬ ಹುಡುಗ ಬಾದಾಮಿ ಕಡೆಯವನು. ಗುಡ್ಡ ಬರೆದಿದ್ದ, ಮೇಲೆ ಚಪ್ಪಟೆ, ಬದಿಗೆ ನೇರ ಗೋಡೆ, ಕೆಂಪು ಬಣ್ಣ. ಹೌದಲ್ವಾ, ಅಲ್ಲಿಯ ಗುಡ್ಡ ಇರೋದೇ ಹಾಗೆ. ಅದರ ಮೇಲೆ ಯಾರೋ ದೊಡ್ಡವರು ಪೆನ್ಸಿಲ್ಲಿನಿಂದ ಗಟ್ಟಿಯಾಗಿ ಮುಕ್ಕೋನ ತಿದ್ದಿದ್ದರು. ನನಗೆ ಸಿಟ್ಟು ಬಂತು, ಆದರೆ ಗಿರಾಕಿ ಮುಂದೆ ಸಿಟ್ಟು ತೋರಿಸಲಿಕ್ಕೆ ಆಗುತ್ತದಾ? ಕಟ್ಟು ಹಾಕಿ ಕೊಟ್ಟೆ.

ಹಾಗಾದರೆ ಯಾವುದಕ್ಕೆ ಕಟ್ಟು ಹಾಕಿಸಬೇಕು? ಮಗುವನ್ನೇ ಕೇಳಿ ಅಂತ ನಾನು ಹೇಳೋದು. ಹತ್ತು ಹಾಳೆ ನೆಲದ ಮೇಲೆ ಹರವಿ. ಒಂದೇ ಒಂದು ಆರಿಸಲಿ. ನೀವು ಅಂದುಕೊಂಡದ್ದನ್ನು ಅದು ಖಂಡಿತ ಆರಿಸೋದಿಲ್ಲ. ಬಾಯಿ ಮುಚ್ಚಿಕೊಂಡಿರಿ.

ಈಗ ಕೆಲಸದ ಮಾತು. ನಿಮ್ಮಲ್ಲಿ ಜಾಸ್ತಿ ಜನ ಮಾಡುವ ತಪ್ಪು ಲ್ಯಾಮಿನೇಶನ್. ಅಗ್ಗ, ಹತ್ತು ನಿಮಿಷದ ಕೆಲಸ. ಆದರೆ ಆ ಮಶೀನಿನಲ್ಲಿ ಬಿಸಿ ರೋಲರ್ ಇರುತ್ತದೆ. ಕ್ರೇಯಾನ್ಸ್ ಅಂದರೆ ಮೇಣ. ಬಿಸಿ ತಾಗಿದರೆ ಮೇಣ ಕರಗುತ್ತದೆ, ಹಸಿರು ಹೋಗಿ ಹಳದಿಯೊಳಗೆ ಕೂರುತ್ತದೆ. ಒಮ್ಮೆ ಅಂಟಿದ ಪ್ಲಾಸ್ಟಿಕ್ಕನ್ನು ಮತ್ತೆ ಬಿಡಿಸಲಿಕ್ಕೆ ಬರೋದಿಲ್ಲ, ಬಿಡಿಸಿದರೆ ಚಿತ್ರವೂ ಅದರ ಜೊತೆ ಬರುತ್ತದೆ. ಮಾರ್ಕ್ಸ್ ಕಾರ್ಡ್ ಮಾಡಿಸಿ, ಚಿತ್ರ ಬೇಡ.

ಎರಡನೇದು ಗಾಜು. ಚಿತ್ರಕ್ಕೆ ಗಾಜು ತಾಗಬಾರದು. ದೇವರ ಫೋಟೋ ಪ್ರೆಸ್ಸಿನಲ್ಲಿ ಅಚ್ಚಾದದ್ದು, ಅದಕ್ಕೆ ಗಾಜು ಒತ್ತಿ ಕೂರಿಸಿದರೂ ನಡೆಯುತ್ತದೆ. ಪೋಸ್ಟರ್ ಕಲರ್ ಹಾಗಲ್ಲ. ಮಳೆಗಾಲದಲ್ಲಿ ತೇವ ಹಿಡಿದು ಗಾಜಿಗೆ ಅಂಟುತ್ತದೆ. ಬೆಳಗಾವಿ ಕಡೆ ನೆಂಟರಿದ್ದರೆ ಕೇಳಿ, ಅಲ್ಲಿ ಜುಲೈನಲ್ಲಿ ಗೋಡೆಯೇ ಬೆವರುತ್ತದೆ. ಆಯಿಲ್ ಪೇಸ್ಟಲ್ ಅಂತೂ ಪೂರ್ತಿ ಒಣಗೋದೇ ಇಲ್ಲ, ವರ್ಷ ಬಿಟ್ಟು ಮುಟ್ಟಿದರೂ ಬೆರಳಿಗೆ ಹತ್ತುತ್ತದೆ. ಅದಕ್ಕೆ ನಡುವೆ ಮೌಂಟ್ ಬೇಕು. ಮೌಂಟ್ ಅಂದರೆ ಕಿಟಕಿ ಹಾಗೆ ನಡುವೆ ಕೊರೆದ ದಪ್ಪ ಕಾರ್ಡು. ಚಿತ್ರಕ್ಕೂ ಗಾಜಿಗೂ ನಡುವೆ ಉಸಿರಾಡಲು ಅಷ್ಟು ಸಂದು ಬಿಡುತ್ತದೆ. ಸುತ್ತ ಎರಡು ಇಂಚು ಬಿಡಿ, ಕೆಳಗೆ ಮಾತ್ರ ಕಾಲು ಇಂಚು ಜಾಸ್ತಿ. ನಾಲ್ಕೂ ಕಡೆ ಒಂದೇ ಅಳತೆ ಇಟ್ಟರೆ ಚಿತ್ರ ಕೆಳಗೆ ಜಾರಿದ ಹಾಗೆ ಕಾಣುತ್ತದೆ. ಕಣ್ಣಿನ ಮೋಸ ಅದು. ಕಿಟಕಿಯನ್ನು ಹಾಳೆಗಿಂತ ಚಿಕ್ಕದು ಕೊರೆದರೆ ಅಂಚಿನದು ಮುಚ್ಚಿಹೋಗುತ್ತದೆ, ಮತ್ತೆ ಮೀನಿನ ಕಥೆ. ಅಂಥ ಚಿತ್ರ ಇದ್ದರೆ ಹಾಳೆಗಿಂತ ದೊಡ್ಡ ಕಿಟಕಿ ಕೊರೆಯಿರಿ, ಹಾಳೆಯ ನಾಲ್ಕೂ ಅಂಚು ಕಾಣಲಿ.

ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಗಾಜಿನ ಬದಲು ಅಕ್ರಿಲಿಕ್ ಹಾಕಿಸಿ. ಹಗುರ, ಬಿದ್ದರೂ ಗಾಜಿನ ಹಾಗೆ ಚೂರಾಗಿ ಚುಚ್ಚೋದಿಲ್ಲ. ಒಂದೇ ತೊಂದರೆ, ಬಟ್ಟೆಯಿಂದ ಒರೆಸಿದರೆ ಅದರಲ್ಲಿ ಸ್ಥಾಯಿ ವಿದ್ಯುತ್ ಹುಟ್ಟುತ್ತದೆ. ಸ್ವೆಟರ್ ತೆಗೆಯುವಾಗ ಕೂದಲು ನಿಲ್ಲುತ್ತದಲ್ಲ, ಅದೇ. ಸೀಮೆಸುಣ್ಣ, ಇದ್ದಿಲಿನ ಚಿತ್ರ ಆದರೆ ಪುಡಿಯನ್ನು ಎಳೆದುಕೊಂಡುಬಿಡುತ್ತದೆ. ಅವಕ್ಕೆ ಗಾಜೇ ಸರಿ.

ಹಿಂದೆ ಏನಿದೆ ನೋಡಿ. ನಾವು ಅಂಗಡಿಯವರು ಹಾಕೋದು ಹಾರ್ಡ್‌ಬೋರ್ಡ್, ಇಲ್ಲವೇ ಹಳೇ ಡಬ್ಬದ ರಟ್ಟು. ಅದರಲ್ಲಿ ಆಮ್ಲ ಇರುತ್ತದೆ, ನಿಧಾನವಾಗಿ ಕಾಗದಕ್ಕೆ ಇಳಿದು ಕಂದು ಕಲೆ ಬೀಳಿಸುತ್ತದೆ. ಆ್ಯಸಿಡ್ ಇಲ್ಲದ ಬೋರ್ಡ್ ಕೇಳಿ, ದೊಡ್ಡ ಊರುಗಳಲ್ಲಿ ಸಿಗುತ್ತದೆ. ಸಿಗದಿದ್ದರೆ ನಡುವೆ ಒಳ್ಳೆ ಬಿಳಿ ಡ್ರಾಯಿಂಗ್ ಹಾಳೆ ಒಂದೆರಡು ಕೊಡಿ. ಕಲೆ ಬರೋದು ತಡ ಆಗುತ್ತದೆ. ಸೆಲ್ಲೋಟೇಪು ಮಾತ್ರ ಚಿತ್ರಕ್ಕೆ ಹಚ್ಚಲೇಬೇಡಿ. ಕೆಲವೇ ವರ್ಷದಲ್ಲಿ ಟೇಪು ಉದುರುತ್ತದೆ, ಹಳದಿ ಗೋಂದು ಉಳಿಯುತ್ತದೆ. ಫೆವಿಕಾಲ್ ಕೂಡ ಬೇಡ, ಒಳ್ಳೆ ಗೋಂದೇ ಅದು, ಅದೇ ಅದರ ತೊಂದರೆ. ಮೈದಾ ಅಥವಾ ಅಕ್ಕಿ ಗಂಜಿ ಕುದಿಸಿ, ತೆಳು ಕಾಗದದ ಎರಡು ಚೂರಿಗೆ ಹಚ್ಚಿ, ಚಿತ್ರದ ಮೇಲಿನ ಅಂಚನ್ನು ಮಾತ್ರ ಹಿಡಿಸಿ. ಕೆಳಗೆ ಬಿಟ್ಟುಬಿಡಿ. ತೇವಕ್ಕೆ ಕಾಗದ ಹಿಗ್ಗುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ನಾಲ್ಕೂ ಮೂಲೆ ಅಂಟಿಸಿದರೆ ಹಪ್ಪಳದ ಹಾಗೆ ಅಲೆ ಏಳುತ್ತದೆ. ಈ ಗಂಜಿ ಮುಂದೆ ಯಾವತ್ತಾದರೂ ನೀರು ಸವರಿದರೆ ಬಿಡುತ್ತದೆ, ನನಗೆ ಅದೇ ಇಷ್ಟ. ತೆಳ್ಳಗೆ ಹಚ್ಚಿ, ಜಾಸ್ತಿ ಆದರೆ ಹುಳ ತಿನ್ನುತ್ತದೆ.

ಖಣದ ವಿಷಯ ಇಲ್ಲೇ ಹೇಳುತ್ತೇನೆ, ಹೆಣ್ಣುಮಕ್ಕಳು ಆಗಲೇ ಕೇಳಿದರು. ಗುಳೇದಗುಡ್ಡದ ಖಣ, ಅಂದರೆ ಕುಪ್ಪಸದ ಬಟ್ಟೆ, ತಂದು ಮೌಂಟಿಗೆ ಸುತ್ತಿಸೋದು ಈಗ ಒಂದು ಫ್ಯಾಷನ್ ಆಗಿದೆ. ನಾನೂ ಮಾಡಿ ಕೊಡುತ್ತೇನೆ. ಆದರೆ ನನಗೆ ಅಷ್ಟು ಸರಿ ಬರೋದಿಲ್ಲ. ಖಣದಲ್ಲಿ ಬುಟ್ಟಿ, ಅಂದರೆ ನೇಯ್ದ ಸಣ್ಣ ಸಣ್ಣ ಚಿತ್ತಾರ, ತುಂಬಾ ಇರುತ್ತವೆ, ಮಗುವಿನ ಚಿತ್ರದಲ್ಲೂ ಬಣ್ಣ ತುಂಬಾ ಇರುತ್ತದೆ. ಎರಡೂ ಒಟ್ಟಿಗೆ ಕೂಗಾಡುತ್ತವೆ. ಬರೀ ಪೆನ್ಸಿಲ್ ಚಿತ್ರ ಇದ್ದರೆ ಖಣ ಭಾರೀ ಒಪ್ಪುತ್ತದೆ. ಹರಿದ ಇಳಕಲ್ ಸೀರೆಯ ದಡಿ ಇದ್ದರೆ ಇನ್ನೂ ಚೆನ್ನ, ಬೆರಳಗಲದ ಪಟ್ಟಿ ಸಾಕು. ಒಬ್ಬ ತಾಯಿ ತಮ್ಮ ಅತ್ತೆಯ ಸೀರೆ ದಡಿ ತಂದಿದ್ದರು, ಮಗ ಬರೆದದ್ದು ಅದೇ ಅಜ್ಜಿಯ ಚಿತ್ರ. ಅದನ್ನು ಮಾಡುವಾಗ ನಾನು ಎರಡು ಸಲ ಕೈ ತೊಳೆದುಕೊಂಡೆ.

ಎಲ್ಲಿ ಹಾಕಬೇಕು ಅನ್ನೋದು ಹೇಗೆ ಹಾಕಬೇಕು ಅನ್ನೋದಕ್ಕಿಂತ ಮುಖ್ಯ. ನಮ್ಮ ಬಿಸಿಲು ಗೊತ್ತಲ್ಲ. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುತ್ತದೆ. ಪಡುವಣ ಗೋಡೆ ಸಂಜೆ ಮುಟ್ಟಿದರೆ ಸುಡುತ್ತದೆ. ಅಲ್ಲಿ ಕ್ರೇಯಾನ್ಸ್ ಚಿತ್ರ ತೂಗುಹಾಕಿದರೆ ಮೇಣ ಮೆತ್ತಗಾಗುತ್ತದೆ. ಬಿಸಿಲು ನೇರ ಬೀಳುವ ಕಡೆ ಸ್ಕೆಚ್ ಪೆನ್ನು ಇಟ್ಟರಂತೂ ಕೆಲವು ತಿಂಗಳಲ್ಲೇ ಬಣ್ಣ ಹೋಗುತ್ತದೆ, ಅದರಲ್ಲಿರೋದು ನೀರಿಗೆ ಕರಗುವ ಡೈ. ಪೆನ್ಸಿಲ್ಲಿಗೆ ಏನೂ ಆಗೋದಿಲ್ಲ, ಅದು ಇಂಗಾಲ. ಬಾದಾಮಿಯ ಮೂರನೇ ಗುಹೆಯನ್ನು ಎಲ್ಲರೂ ನೋಡಿದ್ದೀರಿ. ಅಲ್ಲಿಯ ಶಾಸನ ಕ್ರಿ.ಶ. 578ರದು. ಬಣ್ಣದ ಚಿತ್ರಗಳು ಇನ್ನೂ ಅಷ್ಟಿಷ್ಟು ಉಳಿದಿರೋದು ಎಲ್ಲಿ ಹೇಳಿ? ಮೇಲೆ, ಬಂಡೆಯ ಚಾಚಿನ ಒಳಮೈಯಲ್ಲಿ. ಅಲ್ಲಿಗೆ ಮಳೆ ತಲುಪೋದಿಲ್ಲ, ನೇರ ಬಿಸಿಲೂ ಕಷ್ಟಪಟ್ಟೇ ತಲುಪಬೇಕು. ನಿಮ್ಮ ಮನೆಯಲ್ಲಿ ಅಂಥ ಜಾಗ ಅಂದರೆ ನಡುಮನೆಯ ಒಳಗೋಡೆ. ಅಡುಗೆಮನೆ ಬೇಡ, ಒಗ್ಗರಣೆ ಹೊಗೆ ಹತ್ತುತ್ತದೆ. ಬಚ್ಚಲಿನ ಹಿಂದಿನ ಗೋಡೆಯೂ ಬೇಡ.

ಎತ್ತರ. ನಾವು ಎಲ್ಲವನ್ನೂ ದೇವರ ಫೋಟೋದ ಎತ್ತರಕ್ಕೆ ಹೊಡೆಯುತ್ತೇವೆ, ಕತ್ತೆತ್ತಿ ನೋಡಬೇಕು. ಐದು ವರ್ಷದ ಮಗುವಿನ ಕಣ್ಣು ನೆಲದಿಂದ ಸುಮಾರು ಮೂರೂಕಾಲು ಅಡಿ ಮೇಲಿರುತ್ತದೆ. ಚಿತ್ರ ಬರೆದವರಿಗೇ ಕಾಣದಷ್ಟು ಮೇಲೆ ಯಾಕೆ ಹಾಕುತ್ತೀರಿ? ಮೂರೂವರೆ ಅಡಿಗೆ ಹಾಕಿ. ನೆಂಟರು ಬಗ್ಗಿ ನೋಡಲಿ. ಮೊಳೆ ಹೊಡೆಯಲು ಬಾಡಿಗೆ ಮನೆಯವರು ಬಿಡೋದಿಲ್ಲ ಅನ್ನುವವರು ಎರಡು ಕಿಟಕಿ ಸರಳುಗಳ ನಡುವೆ ದಾರ ಕಟ್ಟಿ, ಬಟ್ಟೆ ಕ್ಲಿಪ್ ಹಾಕಿ. ಕ್ಲಿಪ್ಪಿನ ಹಲ್ಲಿಗೂ ಹಾಳೆಗೂ ನಡುವೆ ಒಂದು ಕಾಗದದ ಚೂರು ಕೊಡಿ, ಗುರುತು ಬೀಳೋದಿಲ್ಲ. ಫ್ಯಾನ್ ಜೋರು ಮಾಡಿದರೆ ಇಡೀ ಪ್ರದರ್ಶನ ಹಾರಾಡುತ್ತದೆ, ಮಕ್ಕಳಿಗೆ ಅದೂ ಖುಷಿ.

ದುಡ್ಡು ಕೊಟ್ಟು ಮಾಡಿಸುವವರಿಗೆ ನನ್ನ ಸಲಹೆ, ನನ್ನ ವ್ಯಾಪಾರಕ್ಕೇ ಹೊಡೆತ. ಹತ್ತು ಕಟ್ಟು ಹಾಕಿಸಬೇಡಿ. ಎರಡು ಹಾಕಿಸಿ. ಹಿಂದಿನ ರಟ್ಟಿಗೆ ಮೊಳೆ ಹೊಡೆಯುವ ಬದಲು ತಿರುಗುವ ಚಿಲಕ ಹಾಕಿಸಿ. ಎರಡು ತಿಂಗಳಿಗೊಮ್ಮೆ ತೆಗೆದು ಬೇರೆ ಚಿತ್ರ ಕೂರಿಸಿ. ಇಳಿಸಿದ್ದನ್ನು ಸುರುಳಿ ಸುತ್ತಬೇಡಿ, ಪೋಸ್ಟರ್ ಕಲರ್ ಒಡೆದು ಉದುರುತ್ತದೆ. ದೊಡ್ಡ ಫೈಲಿನಲ್ಲಿ ಚಪ್ಪಟೆಯಾಗಿ ಇಡಿ, ನಡುನಡುವೆ ಬಿಳಿ ಹಾಳೆ. ನ್ಯೂಸ್ ಪೇಪರ್ ಬೇಡ. ಹಿಂದುಗಡೆ ಪೆನ್ಸಿಲ್ಲಿನಿಂದ ತಾರೀಖು, ವಯಸ್ಸು, ಆಮೇಲೆ ಮಗು ಏನು ಹೇಳಿತು ಅನ್ನೋದನ್ನು ಬರೆಯಿರಿ. ಅದು ಹೇಳಿದ ಮಾತಿನಲ್ಲೇ. “ಮುಳುಗಡೆಯಾದ ಮನೆ” ಅಂತ ನೀವು ತಿದ್ದಿ ಬರೆಯಬೇಡಿ, “ಮುಣಗಿದ ಮನಿ” ಅಂದರೆ ಹಾಗೇ ಬರೆಯಿರಿ.

ಕೆಲವಕ್ಕೆ ಕಟ್ಟು ಬೇಡವೇ ಬೇಡ. ಬೇಳೆ, ಜೋಳ, ಅಕ್ಕಿ ಅಂಟಿಸಿ ಮಾಡಿದ ನವಿಲು ತರುತ್ತಾರೆ. ಗಾಜಿನೊಳಗೆ ಹಾಕಿ ಕೊಟ್ಟರೆ ಆರು ತಿಂಗಳಿಗೆ ಒಳಗೇ ನುಸಿ ಓಡಾಡುತ್ತಿರುತ್ತವೆ, ನವಿಲಿನ ಬಾಲ ಹಿಟ್ಟಾಗಿರುತ್ತದೆ. ಅದರ ಫೋಟೋ ತೆಗೆದುಕೊಳ್ಳಿ. ಕಿಟಕಿ ಪಕ್ಕ ನೆರಳಿನಲ್ಲಿ ನೆಲಕ್ಕೆ ಇಟ್ಟು, ನೇರ ಮೇಲಿನಿಂದ, ಫ್ಲ್ಯಾಶ್ ಇಲ್ಲದೆ. ಆಮೇಲೆ ನವಿಲನ್ನು ಕೋಳಿಗೆ ಹಾಕಿ. ನಗಬೇಡಿ, ಒಂದು ಮನೆಯಲ್ಲಿ ಹಾಗೇ ಮಾಡಿದರು, ಮಗುವೇ ಹಾಕಿತು.

ಕಾರ ಹುಣ್ಣಿಮೆ ಮುಗಿದ ಮೇಲೆ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ನಾವೆಲ್ಲ ಹೊಲದ ಮಣ್ಣು ತಂದು ಎತ್ತು ಮಾಡಿದವರೇ. ಕೋಡು ನಿಲ್ಲದೆ ಅತ್ತವರೇ. ಆಷಾಢದ ಮಂಗಳವಾರಗಳಲ್ಲಿ ಹುಡುಗಿಯರು ಗುಳ್ಳವ್ವನನ್ನು ಮಾಡಿ ಗುಲಗಂಜಿ ಚುಚ್ಚುತ್ತಿದ್ದರು. ಎಲ್ಲ ಕೊನೆಗೆ ನೀರಿಗೆ. ಒಂದನ್ನೂ ಯಾರೂ ಎತ್ತಿಟ್ಟಿಲ್ಲ, ನನಗೆ ನನ್ನ ಎತ್ತಿನ ಕಿವಿ ಇನ್ನೂ ನೆನಪಿದೆ. ಇದನ್ನು ಯಾಕೆ ಹೇಳಿದೆ ಅಂದರೆ, ಪ್ರತಿ ಹಾಳೆಯನ್ನೂ ಎತ್ತಿಡಲೇಬೇಕು ಅಂತ ಕೆಲವು ತಾಯಂದಿರು ಕಪಾಟು ತುಂಬಿಸಿ ಒದ್ದಾಡುತ್ತಾರೆ. ವರ್ಷಕ್ಕೆ ಹತ್ತು ಹನ್ನೆರಡು ಸಾಕು. ಉಳಿದದ್ದನ್ನು ಬಿಡಿ. ಮಗುವಿಗೆ ಹೇಳಿ ಬಿಡಿ, ಕದ್ದು ರದ್ದಿಗೆ ಹಾಕಬೇಡಿ. ರದ್ದಿ ಅಂಗಡಿಯಿಂದ ಅದೇ ಹಾಳೆಯಲ್ಲಿ ಚುರುಮುರಿ ಕಟ್ಟಿಸಿಕೊಂಡು ಬಂದ ಹುಡುಗನನ್ನು ನಾನು ನೋಡಿದ್ದೇನೆ.

ಮಾತು ಮುಗಿದ ಮೇಲೆ ಪ್ರಶ್ನೆ ಕೇಳಿದರು. ಜಾಸ್ತಿ ರೇಟಿನ ಪ್ರಶ್ನೆಗಳೇ, ಅವನ್ನು ಇಲ್ಲಿ ಬಿಟ್ಟಿದ್ದೇನೆ. ಕೊನೆಗೆ ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಅಜ್ಜಿ ಎದ್ದರು.

“ನಮ್ಮ ಮೊಮ್ಮಗ ಹಾಳಿ ಮ್ಯಾಲ ಬರಿಯೂದ ಇಲ್ಲ. ಗ್ವಾಡಿ ಮ್ಯಾಲ ಬರದಾನ. ಅದಕ್ಕ ಹ್ಯಾಂಗ ಕಟ್ಟ ಹಾಕತೀ?”

ಹಾಕಬಹುದು ಅಂದೆ. ಹಳೇ ಫ್ರೇಮ್ ಒಂದು ತಗೊಳ್ಳಿ. ಗಾಜು ಬೇಡ, ಹಿಂದಿನ ರಟ್ಟೂ ಬೇಡ, ಬರೀ ನಾಲ್ಕು ಪಟ್ಟಿ. ಗೋಡೆ ಮೇಲೆ ಚಿತ್ರದ ಸುತ್ತ ಕೂರಿಸಿ ಎರಡು ಮೊಳೆ ಹೊಡೆಯಿರಿ. ಮುಂದಿನ ಸಲ ಬಣ್ಣ ಹೊಡೆಸುವಾಗ ಪೇಂಟರ್‌ಗೆ ಅದರ ಹೊರಗೆ ಮಾತ್ರ ಹೊಡೆಯಲು ಹೇಳಿ.

ಅಜ್ಜಿ ಸ್ವಲ್ಪ ಹೊತ್ತು ಯೋಚನೆ ಮಾಡಿದರು. “ಹಂಗಾದ್ರ ಬಾಗಲದ ಹಿಂದೂ ಒಂದ ಐತಿ,” ಅಂದರು. “ತಿಜೂರಿ ಮ್ಯಾಲೂ ಐತಿ.”

ಅಳತೆ ತಗೊಂಡು ಬನ್ನಿ ಅಂದೆ. ಮರುದಿನ ಬಂದರು. ಅಳತೆಗೆ ಟೇಪು ಸಿಕ್ಕಿರಲಿಲ್ಲವಂತೆ, ಸೀರೆ ದಾರಕ್ಕೆ ಗಂಟು ಹಾಕಿಕೊಂಡು ಬಂದಿದ್ದರು. ಬಾಗಿಲದ ಹಿಂದಿನದಕ್ಕೆ ಎರಡು ಗಂಟು, ತಿಜೋರಿಯದಕ್ಕೆ ಮೂರು.